ಘಟ್ಟದಲ್ಲಿ ಕಾದ ಎಂಜಿನ್: ಲಕ್ಷಣದಿಂದ ಕಾರಣಕ್ಕೆ

ಬಣ್ಣಾರಿ ಮಾರಿಯಮ್ಮನ ಗುಡಿಯನ್ನು ಹಿಂದಿಕ್ಕಿದೊಡನೆ ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿ ಬೆಟ್ಟವನ್ನೇರತೊಡಗುತ್ತದೆ. ದಿಂಬಂ ತಲುಪುವಷ್ಟರಲ್ಲಿ 27 ಕಡಿದಾದ ತಿರುವುಗಳು. ಅಲ್ಲಿಂದ ಮುಂದೆ ಹಾಸನೂರು. ಅದರಾಚೆ ತಾಳವಾಡಿಯ ಎತ್ತರದ ಬಯಲು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು, ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಹೀಗಾಗಿ ಮನೆಯಲ್ಲಿ ಕನ್ನಡವಾಡುವ ಅಲ್ಲಿನ ಜನರಿಗೆ ಜಿಲ್ಲಾ ಕೇಂದ್ರ ಈರೋಡು. ಜಿಲ್ಲಾ ಕಚೇರಿಯ ಕೆಲಸಕ್ಕೆ ಅವರು ಈ ಘಟ್ಟವನ್ನು ಇಳಿಯಲೇಬೇಕು, ಮರಳಿ ಏರಲೇಬೇಕು. ಏರುವಾಗ ಎಂಜಿನ್ ಕಾದು ನಿಂತ ವಾಹನಗಳು ಇಂತಹ ಘಟ್ಟಗಳಲ್ಲಿ ಅಪರೂಪವಲ್ಲ. ಸುತ್ತಲಿನ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾದದ್ದು. 2022ರಿಂದ ರಾತ್ರಿ ಸಂಚಾರಕ್ಕೂ ನಿರ್ಬಂಧವಿದೆ. ಸಂಜೆಯ ಹೊತ್ತಿಗೆ ಅಲ್ಲಿ ಕೆಟ್ಟು ನಿಲ್ಲುವುದು ಆನೆಗಳ ದಾರಿಯಲ್ಲಿ ನಿಂತಂತೆಯೇ.

ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರದ ಪ್ರಸಿದ್ಧ ಉದಾಹರಣೆ. ಆವಿಯನ್ನೇ ಹೊಗೆಯೆಂದು ತಿಳಿದರೆ ಊಹೆ ಕೆಡುತ್ತದೆ ಎಂಬ ಎಚ್ಚರಿಕೆಯೂ ಅದೇ ಶಾಸ್ತ್ರದಲ್ಲಿದೆ. ಬಾನೆಟ್ಟಿನ ಸಂದಿನಿಂದ ಏಳುವ ಬಿಳಿಯ ಆವಿಗೆ ಈ ಎರಡು ಮಾತುಗಳೂ ಸಲ್ಲುತ್ತವೆ. ಆವಿ ಒಂದು ಲಕ್ಷಣ ಮಾತ್ರ; ಅದರ ಹಿಂದಿನ ಕಾರಣಗಳು ಹಲವು.

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿಯಬೇಕು. ಎಂಜಿನ್ನಿನ ಸಿಲಿಂಡರುಗಳ ಸುತ್ತ ಇರುವ ಪೊಳ್ಳು ದಾರಿಗಳಲ್ಲಿ ಕೂಲೆಂಟ್ ಎಂಬ ದ್ರವ ಹರಿಯುತ್ತದೆ. ಅದನ್ನು ಹರಿಸುವುದು ವಾಟರ್ ಪಂಪು. ದ್ರವ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯುವವರೆಗೆ ಥರ್ಮೋಸ್ಟಾಟ್ ಎಂಬ ಕವಾಟ ಮುಚ್ಚಿರುತ್ತದೆ. ಬಳಿಕ ತೆರೆದು ದ್ರವವನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ಎದುರುಗಾಳಿಯೂ ಫ್ಯಾನೂ ಅದನ್ನು ತಣಿಸುತ್ತವೆ. ಬಿಗಿಯಾದ ಮುಚ್ಚಳ ಒಳಗೆ ಒತ್ತಡವನ್ನು ಹಿಡಿದಿಡುತ್ತದೆ. 1000 ಮೀಟರ್ ಎತ್ತರದ ಬಯಲಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಈ ಒತ್ತಡದ ಬಲದಿಂದ ಒಳಗಿನ ದ್ರವ 110 ಡಿಗ್ರಿಯನ್ನು ಮೀರಿದರೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಾದರೆ ಈ ರಕ್ಷಣೆ ಇಲ್ಲವಾಗುತ್ತದೆ.

ಏರುದಾರಿಯಲ್ಲಿ ಎಂಜಿನ್ ಕಡಿಮೆ ಗೇರಿನಲ್ಲಿ ಹೆಚ್ಚು ದುಡಿಯುತ್ತದೆ, ವಾಹನ ಮಾತ್ರ ನಿಧಾನವಾಗಿ ಸಾಗುತ್ತದೆ. ಬಿಸಿ ಹೆಚ್ಚು, ಎದುರುಗಾಳಿ ಕಡಿಮೆ. ಬಯಲಿನಲ್ಲಿ ಮರೆಯಾಗಿದ್ದ ದೋಷ ಘಟ್ಟದಲ್ಲಿ ಬಯಲಾಗುವುದು ಈ ಕಾರಣದಿಂದ.

ದೋಷವನ್ನು ಗುರುತಿಸುವ ಬಗೆ ಹೀಗೆ. ನಿಧಾನವಾಗಿ ಹೋಗುವಾಗ ಕಾದು, ಸಮತಟ್ಟಿನಲ್ಲಿ ವೇಗವಾಗಿ ಹೋಗುವಾಗ ತಣಿದರೆ ಸಂಶಯ ಫ್ಯಾನಿನ ಮೇಲೆ. ವೇಗದಲ್ಲಿಯೂ ಕಾದರೆ ಕಟ್ಟಿಕೊಂಡ ರೇಡಿಯೇಟರನ್ನೋ ಸೋತ ಪಂಪನ್ನೋ ನೋಡಬೇಕು. ಎಂಜಿನ್ ಕಾದಿದ್ದರೂ ರೇಡಿಯೇಟರ್ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲದಿರಬಹುದು. ಇವೆಲ್ಲಕ್ಕೂ ಮೊದಲು ದ್ರವದ ಮಟ್ಟವನ್ನೂ ಸೋರಿಕೆಯನ್ನೂ ಪರೀಕ್ಷಿಸುವುದು ಕ್ರಮ.

ಇನ್ನು ಮೆಕ್ಯಾನಿಕರು ‘ಏರ್ ಲಾಕ್’ ಎನ್ನುವ ದೋಷ. ಕೂಲೆಂಟ್ ಬದಲಿಸಿದಾಗ, ಪಂಪನ್ನೋ ಪೈಪನ್ನೋ ಬಿಚ್ಚಿ ಜೋಡಿಸಿದಾಗ ಒಳಗೆ ಗಾಳಿ ಉಳಿಯುತ್ತದೆ. ಅದು ಮೇಲಕ್ಕೇರಿ ಎತ್ತರದ ಮೂಲೆಗಳಲ್ಲಿ, ಸಿಲಿಂಡರ್ ಹೆಡ್ಡಿನಲ್ಲಿ ಅಥವಾ ಹೀಟರಿನ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿ ದ್ರವದಷ್ಟು ಶಾಖವನ್ನು ಒಯ್ಯಲಾರದು. ಪಂಪು ಅದನ್ನು ಸರಿಯಾಗಿ ತಳ್ಳಲೂ ಆರದು. ಉಷ್ಣಮಾಪಕದ ಸೆನ್ಸರ್ ಗಾಳಿಯ ಗುಳ್ಳೆಯೊಳಗೆ ಸಿಲುಕಿದರೆ ಮುಳ್ಳು ಸುಳ್ಳು ಹೇಳುತ್ತದೆ: ಲೋಹ ಸುಡುತ್ತಿದ್ದರೂ ಅದು ಕೆಳಗಿರಬಹುದು. ಮುಳ್ಳು ಹಠಾತ್ತನೆ ಏರಿಳಿಯುವುದು, ಎಂಜಿನ್ ಬಿಸಿಯಾಗಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬರುವುದು, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳುವುದು ಇದರ ಗುರುತುಗಳು. ದ್ರವ ಕಡಿಮೆಯಾದಾಗಲೂ ಇವೇ ಗುರುತುಗಳು ಕಾಣುವುದರಿಂದ ಒಂದೇ ಲಕ್ಷಣವನ್ನು ನಂಬಿ ತೀರ್ಪು ಕೊಡಲಾಗದು.

ಗಾಳಿಯನ್ನು ಹೊರಹಾಕುವ ಕೆಲಸ ಪೂರ್ತಿ ತಣಿದ ಎಂಜಿನ್ನಿನಲ್ಲಿ ಆರಂಭವಾಗಬೇಕು. ದ್ರವ ತುಂಬುವ ಬಾಯಿ ಉಳಿದೆಲ್ಲಕ್ಕಿಂತ ಎತ್ತರದಲ್ಲಿರುವಂತೆ ವಾಹನವನ್ನು ನಿಲ್ಲಿಸಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಕೂಲೆಂಟನ್ನು ನಿಧಾನವಾಗಿ ಸುರಿಯಬೇಕು. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ದ್ರವವಷ್ಟೇ ಬರುವಾಗ ಬಿಗಿಯಬೇಕು. ಬಳಿಕ ಎಂಜಿನ್ನನ್ನು ನಿಂತಲ್ಲೇ ಓಡಿಸಿ, ಥರ್ಮೋಸ್ಟಾಟ್ ತೆರೆಯುವವರೆಗೆ ಕಾಯಬೇಕು. ಮತ್ತೆ ತಣಿದ ಮೇಲೆ ಮಟ್ಟ ನೋಡಿ ಕೊರತೆ ತುಂಬಬೇಕು. ವಾಹನದಿಂದ ವಾಹನಕ್ಕೆ ಕ್ರಮ ಬೇರೆಯಾಗುವುದರಿಂದ ಅದರ ಕೈಪಿಡಿಯೇ ಪ್ರಮಾಣ.

ಇಲ್ಲಿಯೇ ಮುಖ್ಯ ಪ್ರಶ್ನೆ ಏಳುತ್ತದೆ. ಹೊರಹಾಕಿದ ಗಾಳಿ ಮರಳಿ ಮರಳಿ ಬಂದರೆ ಅದು ಕಾರಣವಲ್ಲ, ಬೇರೊಂದು ದೋಷದ ಕಾರ್ಯ. ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಒಡೆದಾಗ ಉರಿದ ಅನಿಲ ಕೂಲೆಂಟಿನೊಳಗೆ ನುಗ್ಗುತ್ತದೆ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಪೈಪು ಗಟ್ಟಿಯಾಗುವುದು, ತೊಟ್ಟಿಯಲ್ಲಿ ಗುಳ್ಳೆಗಳು ನಿಲ್ಲದೆ ಏಳುವುದು, ಹೊಗೆಕೊಳವೆಯಿಂದ ಬಿಳಿಯ ಹೊಗೆ ಬರುತ್ತಲೇ ಇರುವುದು, ಎಂಜಿನ್ ಆಯಿಲ್ ಹಾಲುಬಣ್ಣಕ್ಕೆ ತಿರುಗುವುದು ಅದರ ಸೂಚನೆಗಳು. ಈ ಸೂಚನೆಗಳನ್ನು ಕಡೆಗಣಿಸಿ ನೀರು ತುಂಬುತ್ತಲೇ ಘಟ್ಟ ಹತ್ತಿದರೆ ಹೆಡ್ಡು ಸೊಟ್ಟಗಾಗಬಹುದು, ಎಂಜಿನ್ನೇ ಕೈಬಿಡಬಹುದು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ನಿಲ್ಲಿಸಿ ಹೀಟರನ್ನು ಹಾಕುವುದು ಮೊದಲ ಉಪಾಯ. ಅದು ಎಂಜಿನ್ನಿನ ಬಿಸಿಯನ್ನು ಸ್ವಲ್ಪಮಟ್ಟಿಗೆ ಹೊರಗೆಳೆಯುತ್ತದೆ. ಮುಳ್ಳು ಇಳಿಯದಿದ್ದರೆ, ಇಲ್ಲವೆ ಆವಿ ಕಂಡರೆ, ತಿರುವಿನಿಂದ ದೂರ ಸುರಕ್ಷಿತವಾದ ಅಂಚಿನಲ್ಲಿ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಬಿಸಿಯಿರುವಾಗ ಮುಚ್ಚಳವನ್ನು ತೆರೆಯಲೇಬಾರದು: ಒತ್ತಡ ಕಳಚಿದ ಕ್ಷಣವೇ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

‘ಕಾಯು’ ಎಂಬ ಧಾತುವಿಗೆ ಕನ್ನಡದಲ್ಲಿ ಬಿಸಿಯಾಗು, ನಿರೀಕ್ಷಿಸು, ರಕ್ಷಿಸು ಎಂಬ ಅರ್ಥಗಳಿವೆ. ಘಟ್ಟದ ದಾರಿಯಲ್ಲಿ ಈ ಮೂರೂ ಒಂದೆಡೆ ಕೂಡುತ್ತವೆ: ಎಂಜಿನ್ ಕಾದಾಗ, ತಣಿಯುವವರೆಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಕಾದವನೇ ವಾಹನವನ್ನೂ ತನ್ನನ್ನೂ ಕಾಯಬಲ್ಲನು.