ಆರನೆಯವನ ಗಾಳ

ಕಳೆದ ವರ್ಷ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಇದ್ದದ್ದು ಐದು ಹುದ್ದೆ. ಮೂರು ಸುತ್ತು ಮುಗಿಸಿ ಗರುಡಾಚಾರ್‌ಪಾಳ್ಯ ಸ್ಟೇಷನ್‌ನಲ್ಲಿ ಮೆಟ್ರೊ ಇಳಿಯುವಾಗ ಮೊಬೈಲ್ ಟಿಣ್ ಎಂದಿತು. ವೇಟ್‌ಲಿಸ್ಟ್, ಕ್ರಮಸಂಖ್ಯೆ ಒಂದು. ಅಂದರೆ ಐದು ಜನರ ತಂಡಕ್ಕೆ ನಾನು ಆರನೆಯವನು. ಮನೆಗೆ ಬಂದಾಗ ಅಪ್ಪ ‘ಆಯ್ತಾ?’ ಎಂದರು. ‘ಆದಂಗೇ’ ಎಂದೆ. ಆ ‘ಆದಂಗೇ’ ಎಂಬ ಮಾತಿನ ಮೇಲೆ ನಮ್ಮ ಮನೆ ಎರಡು ತಿಂಗಳು ನಡೆಯಿತು. ಕರೆ ಬರಲಿಲ್ಲ.

ಆ ಎರಡು ತಿಂಗಳಲ್ಲಿ ನನ್ನನ್ನು ಕಾಪಾಡಿದ್ದು ಗಾಳ. ನಗಬೇಡಿ, ನಿಜ.

ನಮ್ಮ ತಾತನಿಗೆ ಗಾಳದ ಹುಚ್ಚಿತ್ತು. ಈ ಕಡೆ ಅಪಾರ್ಟ್‌ಮೆಂಟ್‌ಗಳು ಏಳುವ ಮುಂಚೆ, ಊರ ಕೆರೆಯ ಏರಿ ಮೇಲೆ ಬಿದಿರು ಕೋಲು ಹಿಡಿದು ಕೂರುತ್ತಿದ್ದರಂತೆ. ನವಿಲುಗರಿಯ ದಂಟನ್ನು ಕತ್ತರಿಸಿ ಬೆಂಡು ಮಾಡಿ ದಾರಕ್ಕೆ ಕಟ್ಟುವುದನ್ನು ನನಗೆ ಕಲಿಸಿದ್ದು ಅವರೇ. ಈಗ ನಗರದ ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಟೆಂಡರ್ ಆಗಿರುತ್ತದೆ. ಕೋಲು ಹಿಡಿದು ಹೋಗಿ ಕೂತರೆ ಎಬ್ಬಿಸಿ ಕಳಿಸುತ್ತಾರೆ. ನೀರೂ ಆ ಕಾಲದ್ದಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಫೋಟೊ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದಕ್ಕೇ ನಾವು ಆರು ಜನ ಗೆಳೆಯರು ಹೊಸಕೋಟೆ ಕಡೆಯ ರೈತರೊಬ್ಬರ ಮೀನು ಹೊಂಡಕ್ಕೆ ದುಡ್ಡು ಕೊಟ್ಟು, ಭಾನುವಾರ ಬೆಳಿಗ್ಗೆ ಮೂರು ಗಂಟೆ ಕಾಲ ಕೂರುವ ಅಭ್ಯಾಸ ಮಾಡಿಕೊಂಡೆವು.

ಒಂದು ದಿನ ಗೆಳೆಯನೊಬ್ಬ ಹೇಳಿದ: ‘ಗುರು, ಯುರೋಪಲ್ಲಿ ಇದಕ್ಕೆ ನ್ಯಾಷನಲ್ ಟೀಮೇ ಇದೆ. ಸೆಲೆಕ್ಷನ್ ಎಲ್ಲಾ ಮಾಡ್ತಾರೆ. ನಾವೂ ಅವರ ರೂಲ್ಸ್‌ನಲ್ಲೇ ಆಡೋಣ.’ ಸೆಲೆಕ್ಷನ್ ಎಂಬ ಪದ ಕೇಳಿದರೆ ಕಿವಿ ನೆಟ್ಟಗಾಗುವ ದಿನಗಳವು. ಮನೆಗೆ ಬಂದು ಹುಡುಕಿ ಓದಿದೆ.

ತೂಕಕ್ಕಿಂತ ಸ್ಥಾನ ಮುಖ್ಯ

ಈ ಆಟದ ಹೆಸರು ಮ್ಯಾಚ್ ಫಿಶಿಂಗ್. ಸಿಹಿನೀರಿನ ವಿಶ್ವ ಚಾಂಪಿಯನ್‌ಷಿಪ್ 1957ರಿಂದ ನಡೆಯುತ್ತಿದೆ. ನದಿ ಅಥವಾ ಕಾಲುವೆಯ ದಡವನ್ನು ಎ, ಬಿ, ಸಿ, ಡಿ, ಇ ಎಂದು ಐದು ಸೆಕ್ಟರ್‌ಗಳಾಗಿ ವಿಂಗಡಿಸುತ್ತಾರೆ. ಒಂದೊಂದು ದೇಶಕ್ಕೂ ಐದು ಆಟಗಾರರು, ಸೆಕ್ಟರಿಗೆ ಒಬ್ಬರಂತೆ. ಯಾರು ಯಾವ ಜಾಗದಲ್ಲಿ ಕೂರಬೇಕು ಎಂಬುದು ಚೀಟಿ ಎತ್ತುವುದರಲ್ಲಿ ತೀರ್ಮಾನ. ಆ ಜಾಗಕ್ಕೆ ‘ಪೆಗ್’ ಎನ್ನುತ್ತಾರೆ. ಸೀಟಿ ಊದಿದ ಮೇಲೆ ಹಿಡಿದ ಮೀನನ್ನೆಲ್ಲ ನೀರಿನಲ್ಲೇ ಮುಳುಗಿಸಿದ ಉದ್ದನೆಯ ಬಲೆಚೀಲದಲ್ಲಿ ಜೀವಂತ ಇಟ್ಟುಕೊಂಡು, ಕೊನೆಯಲ್ಲಿ ತೂಕ ಹಾಕಿಸಿ, ಮತ್ತೆ ನೀರಿಗೆ ಬಿಡಬೇಕು. ಎರಡು ದಿನದ ಆಟ.

ಇಲ್ಲಿಯವರೆಗೂ ಸರಳ. ಸ್ವಾರಸ್ಯ ಇರುವುದು ಲೆಕ್ಕದಲ್ಲಿ. ತಂಡದ ಐವರ ಮೀನನ್ನು ಒಟ್ಟಿಗೆ ಸೇರಿಸಿ ತೂಗುವುದಿಲ್ಲ. ತನ್ನ ಸೆಕ್ಟರ್‌ನಲ್ಲಿ ಮೊದಲು ಬಂದವನಿಗೆ 1 ಅಂಕ, ಎರಡನೆಯವನಿಗೆ 2, ಇಪ್ಪತ್ತೈದನೆಯವನಿಗೆ 25. ಐವರ ಅಂಕ ಕೂಡಿಸಿದಾಗ ಯಾರದು ಕಡಿಮೆಯೋ ಆ ದೇಶ ಗೆದ್ದಂತೆ.

ಒಂದು ತಂಡದ ನಾಲ್ವರು ತಮ್ಮ ತಮ್ಮ ಸೆಕ್ಟರ್‌ನಲ್ಲಿ ಮೊದಲಿಗರು, ಒಬ್ಬ ಇಪ್ಪತ್ತೈದನೆಯವ ಎಂದಿಟ್ಟುಕೊಳ್ಳಿ. ಒಟ್ಟು 29. ಇನ್ನೊಂದು ತಂಡದ ಐವರೂ ಐದನೇ ಸ್ಥಾನ. ಒಟ್ಟು 25. ಗೆದ್ದದ್ದು ಎರಡನೇ ತಂಡ! ಒಬ್ಬರೂ ಒಂದೇ ಒಂದು ಸೆಕ್ಟರ್ ಗೆದ್ದಿಲ್ಲ, ಆದರೆ ಯಾರೂ ಮುಳುಗಿಲ್ಲ.

ನಾನು ಮುಳುಗಿಸಿದ ಭಾನುವಾರ

ಮುಂದಿನ ಭಾನುವಾರ ಮೂವರ ಎರಡು ತಂಡ ಮಾಡಿಕೊಂಡು ಇದೇ ಲೆಕ್ಕದಲ್ಲಿ ಆಡಿದೆವು. ಹೊಂಡದಲ್ಲಿ ಕೈಯಗಲದ ಜಿಲೇಬಿ ಮೀನು ಬೇಕಾದಷ್ಟು. ನನ್ನ ಕಣ್ಣು ಮಾತ್ರ ಆಳದಲ್ಲಿ ಸುಳಿದಾಡುತ್ತಿದ್ದ ಕಾಟ್ಲಾ ಮೇಲೆ. ಒಂದು ಬಿದ್ದರೆ ಎಲ್ಲರ ಬಾಯಿ ಮುಚ್ಚುತ್ತದಲ್ಲ! ದಪ್ಪ ದಾರ, ದೊಡ್ಡ ಕೊಕ್ಕೆ, ನಿಂಬೆ ಗಾತ್ರದ ಹಿಟ್ಟಿನ ಉಂಡೆ. ಮೂರು ಗಂಟೆ ಕೂತೆ. ಕಾಟ್ಲಾ ಬರಲಿಲ್ಲ.

ನಮ್ಮ ತಂಡದ ಒಬ್ಬ ಮೊದಲನೆಯವ, ಇನ್ನೊಬ್ಬ ನಾಲ್ಕನೆಯವ, ನಾನು ಖಾಲಿ ಚೀಲದೊಂದಿಗೆ ಆರನೆಯವ. ಒಟ್ಟು 11. ಎದುರಾಳಿಗಳು 2, 3, 5. ಒಟ್ಟು 10. ಒಂದೇ ಅಂಕದಲ್ಲಿ ಸೋತೆವು. ಐದನೆಯವನ ಚೀಲದಲ್ಲಿದ್ದದ್ದು ಬರೀ 200 ಗ್ರಾಂ. ನಾಲ್ಕೈದು ಜಿಲೇಬಿ ಹಿಡಿದು ಅವನನ್ನು ದಾಟಿದ್ದರೆ ಲೆಕ್ಕ ತಿರುಗಿಮುರುಗಾಗಿ ನಾವು 10, ಅವರು 11. ಮೊದಲ ಸ್ಥಾನ ಪಡೆದ ಗೆಳೆಯ ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು.

ಮೆಟ್ರೊದಲ್ಲಿ ವಾಪಸ್ ಬರುವಾಗ ಹೊಳೆಯಿತು: ಇಂಟರ್‌ವ್ಯೂನಲ್ಲಿ ನಾನು ಮಾಡಿದ್ದೂ ಇದನ್ನೇ. ಗ್ರೂಪ್ ಡಿಸ್ಕಷನ್‌ನಲ್ಲಿ ಒಂದು ಭರ್ಜರಿ ಪಾಯಿಂಟ್ ಹೊಡೆದು ಎಲ್ಲರನ್ನೂ ಸುಮ್ಮನಾಗಿಸಬೇಕು ಎಂದು ಕಾದು ಕೂತಿದ್ದೆ. ಸಣ್ಣ ಸಣ್ಣ ಪ್ರಶ್ನೆಗಳು ಬಂದಾಗ ‘ಇದೆಲ್ಲಾ ಯಾವ ಲೆಕ್ಕ’ ಎಂದು ಬಿಟ್ಟೆ. ಕಾಟ್ಲಾ ಅಲ್ಲೂ ಬರಲಿಲ್ಲ.

ಕಾವೇರಿಯ ದೊಡ್ಡ ಮೀನು

ದೊಡ್ಡ ಮೀನಿನ ಆಸೆ ನಮ್ಮ ನಾಡಿಗೆ ಹೊಸದೇನಲ್ಲ. ಕರ್ನಾಟಕದ ಗಾಳದ ಇತಿಹಾಸವೇ ಮಹಸೀರ್ ಕತೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಹೆಚ್ಚುಕಡಿಮೆ 54 ಕಿಲೊ ತೂಗಿತ್ತು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ದೇಶವಿದೇಶದ ಗಾಳಗಾರರು ಬರುತ್ತಿದ್ದದ್ದು ಅಂಥ ಒಂದೇ ಒಂದು ಮೀನಿಗಾಗಿ. ಹಿಡಿದು, ತೂಗಿ, ಫೋಟೊ ತೆಗೆದು, ಬಿಟ್ಟುಬಿಡುತ್ತಿದ್ದರು. ಈಗ ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ಕಾವೇರಿಯ ಆ ಡುಬ್ಬದ ಮಹಸೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಮ್ಯಾಚ್ ಫಿಶಿಂಗ್ ಇದಕ್ಕೆ ಪೂರ್ತಿ ಉಲ್ಟಾ. ವಿಶ್ವ ಚಾಂಪಿಯನ್‌ಗಳು ಎಷ್ಟೋ ಸಲ ಬೆರಳುದ್ದದ ಮೀನುಗಳನ್ನು ಒಂದರ ಹಿಂದೆ ಒಂದರಂತೆ ಎತ್ತಿ ಗೆದ್ದಿದ್ದಾರೆ. 13 ಮೀಟರ್‌ವರೆಗಿನ ಕಾರ್ಬನ್ ಕೋಲು, ಕೂದಲಿನಷ್ಟು ತೆಳ್ಳಗಿನ ದಾರ, ಅದರ ತುದಿಯಲ್ಲಿ ಒಂದು ಕೆಂಪು ಹುಳು. ಕೊಳಕು ನೀರಿನ ಕೆಸರಲ್ಲೂ ಬದುಕಬಲ್ಲ ಹುಳು ಅದು. ತಮಾಷೆ ನೋಡಿ, ಅವರ ವಿಶ್ವಕಪ್ಪಿನ ಸರಂಜಾಮಿನಲ್ಲಿ ನಮ್ಮ ನಗರದ ಕೆರೆಗಳು ಧಾರಾಳವಾಗಿ ಒದಗಿಸಬಹುದಾದದ್ದು ಅದೊಂದೇ.

ಆಯ್ಕೆ ಹೇಗೆ?

ಸರಿ, ಆ ಐವರನ್ನು ಆರಿಸುವುದು ಹೇಗೆ? ಇಲ್ಲಿ ಎರಡು ದಾರಿ ಇವೆ.

ಒಂದು, ಅಂಕದ ದಾರಿ. ಇಟಲಿಯಲ್ಲಿ ‘ಕ್ಲಬ್ ಅಝುರ್ರೊ’ ಎಂಬ ಗುಂಪಿದೆ. ಅರ್ಹತಾ ಸ್ಪರ್ಧೆಗಳಲ್ಲಿ ಮೇಲೆ ಬಂದವರು ಅದಕ್ಕೆ ಸೇರುತ್ತಾರೆ, ತಮ್ಮತಮ್ಮಲ್ಲೇ ಮತ್ತೆ ಸೆಣಸುತ್ತಾರೆ. ಒಂದೇ ಸ್ಪರ್ಧೆ ಇಟ್ಟು ಮುಗಿಸುವಂತಿಲ್ಲ. ಯಾಕೆಂದರೆ ಚೀಟಿಯಲ್ಲಿ ಕೆಟ್ಟ ಪೆಗ್ ಬಂದರೆ ಎಂಥ ಗಟ್ಟಿಗನೂ ಒಂದು ದಿನ ಕೈಚೆಲ್ಲುತ್ತಾನೆ. ಹಲವು ಸ್ಪರ್ಧೆ, ಹಲವು ನೀರು ಆದಾಗ ಅದೃಷ್ಟದ ಪಾಲು ಸವೆದು ಕೈಚಳಕದ ಪಾಲು ಉಳಿಯುತ್ತದೆ.

ಇನ್ನೊಂದು, ಕಣ್ಣಿನ ದಾರಿ. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಒಬ್ಬರು ತಂಡವನ್ನು ಆರಿಸುತ್ತಾರೆ. ವರ್ಷಗಟ್ಟಲೆ ಆಟಗಾರರನ್ನು ಗಮನಿಸಿ ಒಂದು ಬಳಗ ಕಟ್ಟಿಕೊಳ್ಳುತ್ತಾರೆ. 1985ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಮೊದಲ ಸಲ ತಂಡ ಪ್ರಶಸ್ತಿ ಗೆದ್ದ ಇಂಗ್ಲೆಂಡ್ ಆಮೇಲೆ ಹಿಂತಿರುಗಿ ನೋಡಲಿಲ್ಲ. ಬಾಬ್ ನಡ್ ನಾಲ್ಕು ಸಲ, ಅಲನ್ ಸ್ಕಾಟ್‌ಹಾರ್ನ್ ಐದು ಸಲ ವೈಯಕ್ತಿಕ ವಿಶ್ವ ಚಾಂಪಿಯನ್ ಆದರು.

ಅಂಕದ ದಾರಿ ನಮ್ಮ ಸ್ಪರ್ಧಾತ್ಮಕ ಪರೀಕ್ಷೆಗಳ ಥರ. ಕಾಗದದ ಮೇಲೆ ಎಲ್ಲರಿಗೂ ಒಂದೇ ನ್ಯಾಯ, ಆದರೆ ಪಕ್ಕದವನಿಗೆ ನೆರವಾಗುವ ಗುಣ ಅದರಲ್ಲಿ ಕಾಣುವುದಿಲ್ಲ. ಕಣ್ಣಿನ ದಾರಿ ಇಂಟರ್‌ವ್ಯೂ ಥರ. ಗುಣ ಕಾಣುತ್ತದೆ, ಆದರೆ ನೋಡುವ ಕಣ್ಣು ಪ್ರಾಮಾಣಿಕವಾಗಿರಬೇಕು, ಸಾಕಷ್ಟು ದಿನ ನೋಡಿರಲೂಬೇಕು. ಇಪ್ಪತ್ತು ನಿಮಿಷದ ಇಂಟರ್‌ವ್ಯೂ ಎಂದರೆ ಒಂದೇ ಪೆಗ್, ಒಂದೇ ಬೆಳಿಗ್ಗೆ. ಅಲ್ಲಿ ಸೋತರೆ ನನ್ನ ತೂಕ ಅಷ್ಟೇ ಎಂದು ನಾನೇ ಯಾಕೆ ಬರೆದುಕೊಳ್ಳಬೇಕು? ಇಷ್ಟು ಅರ್ಥವಾಗಲು ನನಗೆ ಎರಡು ತಿಂಗಳು ಹಿಡಿಯಿತು.

ದಡದ ಮೇಲಿನವನು

ಓದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ವಿಷಯ. ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುವ ತಂಡದಲ್ಲಿ ಐವರ ಜೊತೆ ಮೀಸಲು ಆಟಗಾರನೂ ಇರುತ್ತಾನೆ. ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಎಲ್ಲರೂ ಅದೇ ನದಿಯಲ್ಲಿ ಅಭ್ಯಾಸ ಮಾಡುತ್ತಾರೆ. ಒಬ್ಬ ಹತ್ತಿರ ಹಾಕಿ ನೋಡುತ್ತಾನೆ, ಇನ್ನೊಬ್ಬ ದೂರ. ಒಬ್ಬ ಮೇವು ಹೆಚ್ಚು ಚೆಲ್ಲುತ್ತಾನೆ, ಇನ್ನೊಬ್ಬ ಕಡಿಮೆ. ಸಂಜೆ ಎಲ್ಲರೂ ತಮಗೆ ಕಂಡದ್ದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಅದಾದ ಮೇಲೆ ಐವರ ಹೆಸರು ಅಂತಿಮವಾಗುತ್ತದೆ.

ಯೋಚಿಸಿ. ಯಾರ ಜೊತೆ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿದ್ದೀಯೋ ಅವರಿಗೇ ನಿನ್ನ ಗುಟ್ಟು ಹೇಳಬೇಕು. ಹೇಳದೆ ಬಚ್ಚಿಟ್ಟುಕೊಂಡವನು ತಂಡಕ್ಕೆ ಬೇಡ. ಹೇಳಿದವನು ಆರನೆಯವನಾಗಿ ಉಳಿಯಲೂಬಹುದು. ಉಳಿದರೆ ಮ್ಯಾಚ್ ದಿನ ದಡದ ಮೇಲೆ ಓಡಾಡಿಕೊಂಡು, ಯಾವ ಸೆಕ್ಟರ್‌ನಲ್ಲಿ ಏನಾಗುತ್ತಿದೆ ಎಂದು ನೋಡಿ ಸುದ್ದಿ ಮುಟ್ಟಿಸುವ ಕೆಲಸ ಅವನಿಗೆ ಕಾಯುತ್ತಿರುತ್ತದೆ.

ಮರು ತಿಂಗಳು ನಮ್ಮ ಹೊಂಡದ ಆಟಕ್ಕೆ ಏಳು ಜನ ಬಂದರು. ಚೀಟಿ ಎತ್ತಿದೆವು. ಹೊರಗೆ ಉಳಿದವನು ನಾನೇ! ಸಿಟ್ಟು ಬಂತು. ‘ಈ ಚೀಟಿಗೂ ನನ್ನ ವಿಳಾಸ ಗೊತ್ತು’ ಎಂದು ಗೊಣಗಿದೆ. ಮಾಡಲು ಬೇರೆ ಕೆಲಸವಿಲ್ಲದೆ ನನ್ನ ಹಳೆಯ ತಂಡದ ಪರ ನೋಟ್‌ಬುಕ್ ಹಿಡಿದು ಹೊಂಡ ಸುತ್ತತೊಡಗಿದೆ. ಯಾರಿಗೆ ಎಷ್ಟು ಹೊತ್ತಿಗೆ ಮೀನು ಬಿತ್ತು ಎಂದು ಬರೆಯುತ್ತಾ ಹೋದೆ. ಬಿಸಿಲೇರಿದಂತೆ ನಡುವೆ ಮೀನು ಕಚ್ಚುವುದು ನಿಂತು, ಹೊಂಗೆ ಮರದ ನೆರಳು ಬಿದ್ದ ಅಂಚಿನಲ್ಲಿ ಮಾತ್ರ ಬೆಂಡು ಕುಣಿಯುತ್ತಿತ್ತು. ಕೋಲು ಹಿಡಿದು ಕೂತಿದ್ದರೆ ಇದು ನನಗೆ ಕಾಣುತ್ತಿರಲಿಲ್ಲ. ಓಡಿಹೋಗಿ ನಮ್ಮವರಿಗೆ ಹೇಳಿದೆ: ‘ದೂರ ಎಸೀಬೇಡಿ, ಕಾಲ ಬುಡದಲ್ಲೇ ಹಾಕಿ.’ ಆ ದಿನ ನಮ್ಮವರದು 8 ಅಂಕ, ಎದುರಾಳಿಗಳದು 13. ಮೀನು ಮುಟ್ಟದೆ ಗೆದ್ದ ಮೊದಲ ದಿನ ಅದು. ವಾಪಸ್ ಬರುವಾಗ ಟೀ ದುಡ್ಡು ಅವರೇ ಕೊಟ್ಟರು.

ಇದರಿಂದ ಕೆಲಸ ಸಿಕ್ಕಿತೇ ಎಂದು ನೀವು ಕೇಳಬಹುದು. ಇನ್ನೂ ಇಲ್ಲ. ಹೋದ ತಿಂಗಳು ಇನ್ನೊಂದು ಕಡೆ ಇಂಟರ್‌ವ್ಯೂ ಇತ್ತು. ಗ್ರೂಪ್ ಡಿಸ್ಕಷನ್‌ನಲ್ಲಿ ನನ್ನ ಪಕ್ಕದ ಹುಡುಗಿ ಒಳ್ಳೆಯ ಮಾತು ಶುರುಮಾಡಿ, ಗದ್ದಲದಲ್ಲಿ ಪೂರ್ತಿ ಮಾಡಲಾಗದೆ ನಿಂತುಬಿಟ್ಟಳು. ‘ಅವರು ಹೇಳ್ತಿದ್ದದ್ದು ಮುಗೀಲಿ’ ಎಂದೆ. ಅಷ್ಟೇ. ಭರ್ಜರಿ ಪಾಯಿಂಟ್ ಒಂದೂ ಹೊಡೆಯಲಿಲ್ಲ, ಆದರೆ ಕೇಳಿದ ಯಾವ ಸಣ್ಣ ಪ್ರಶ್ನೆಯನ್ನೂ ಬಿಡಲಿಲ್ಲ. ಫಲಿತಾಂಶ ಬರಬೇಕಿದೆ. ಅಪ್ಪ ‘ಆಯ್ತಾ?’ ಎಂದು ಕೇಳಿದಾಗ ಈ ಸಲ ‘ಗೊತ್ತಿಲ್ಲಪ್ಪ, ಆದ್ರೆ ಕೊನೇ ಸ್ಥಾನ ಅಂತೂ ಅಲ್ಲ’ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ನಕ್ಕರು.

ಗೆಳೆಯರೇ, ನಿಮ್ಮಲ್ಲೂ ವೇಟ್‌ಲಿಸ್ಟ್‌ನಲ್ಲಿರುವವರು ಇರಬಹುದು. ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಬನ್ನಿ. ಎಂಟನೆಯವರೊಬ್ಬರು ಸಿಕ್ಕರೆ ಎರಡೂ ತಂಡಕ್ಕೂ ದಡದ ಮೇಲೆ ನಡೆಯಲು ಒಬ್ಬೊಬ್ಬರು ಇರುತ್ತಾರೆ. ನೋಟ್‌ಬುಕ್ ನಾನು ತರುತ್ತೇನೆ.