ಸೊಹಾರ್‌ನಿಂದ ಕುಂದಾಪುರಕ್ಕೆ ನೂರು ದಾರಿ

ಒಮಾನಿನ ಸೊಹಾರ್‌ನಲ್ಲಿ ರಾತ್ರಿ ಒಂಬತ್ತೆಂದರೆ ಕುಂದಾಪುರದಲ್ಲಿ ಹತ್ತೂವರೆ. ಬಂದರಿನಲ್ಲೋ ಅಲ್ಯೂಮಿನಿಯಂ ಕಾರ್ಖಾನೆಯಲ್ಲೋ ಡ್ಯೂಟಿ ಮುಗಿಸಿ ರೂಮಿಗೆ ಬಂದ ಮಗ ವಿಡಿಯೊ ಕಾಲ್ ಮಾಡುವಾಗ ಅಮ್ಮನಿಗೆ ಆಗಲೇ ನಿದ್ದೆ ಎಳೆಯುತ್ತಿರುತ್ತದೆ. ತೆರೆಯ ಮೇಲೆ ‘ಕನೆಕ್ಟಿಂಗ್’ ಅನ್ನುವಷ್ಟು ಹೊತ್ತೂ ಅವರಿಗೆ ದೊಡ್ಡದೇ.

ಒಮಾನಿನಲ್ಲಿ ಇಂಟರ್ನೆಟ್ ಕರೆಗಳಿಗೆ ನಿಯಮ ಬಿಗಿ. ವಾಟ್ಸಾಪ್ ಕರೆಗೆ ವರ್ಷಗಟ್ಟಲೆ ತಡೆಯಿತ್ತು. ಹಾಗಾಗಿ ಕರೆ ಸೇರದಿದ್ದರೆ ಜನ ಮೊದಲು ದೂರುವುದು ಆ ತಡೆಯನ್ನೇ. ಆದರೆ ಅನುಮತಿ ಇರುವ ಆ್ಯಪ್‌ಗೂ ಇನ್ನೊಂದು ತೊಡಕಿದೆ: ಹೊರಜಗತ್ತಿಗೆ ತನ್ನ ವಿಳಾಸ ಏನೆಂದು ಫೋನಿಗೇ ಗೊತ್ತಿರುವುದಿಲ್ಲ. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಸಾಲದೆ ಬಂದಾಗ ಒಂದೇ ವಿಳಾಸವನ್ನು ಅನೇಕರಿಗೆ ಹಂಚುವುದು ರೂಢಿಯಾಯಿತು. ಒಳಗಿನಿಂದ ಯಾರೂ ಕೇಳದೆ ಹೊರಗಿನಿಂದ ಬಂದ ಮಾಹಿತಿ ಹಾಗೆ ಹಂಚುವ ರೂಟರ್‌ನಲ್ಲೇ ಬಿದ್ದುಹೋಗುತ್ತದೆ.

ಇದಕ್ಕೆಂದೇ 2010ರಲ್ಲಿ ಬಂದು 2018ರಲ್ಲಿ ಪರಿಷ್ಕರಣೆಗೊಂಡ ವಿಧಾನ ‘ಐಸ್’. ಬ್ರೌಸರ್‌ನಲ್ಲಿ ನಡೆಯುವ ನೇರ ಕರೆಗಳೆಲ್ಲ ನಿಂತಿರುವುದು ಇದರ ಮೇಲೆ. ಸಾಧ್ಯವಿರುವ ಎಲ್ಲ ವಿಳಾಸಗಳನ್ನೂ ಎರಡೂ ಫೋನುಗಳು ಮೊದಲು ಕಲೆಹಾಕುತ್ತವೆ. ತನ್ನದೇ ವಿಳಾಸ ಒಂದು. ‘ನಾನು ಹೊರಗಿನಿಂದ ಹೇಗೆ ಕಾಣುತ್ತೇನೆ’ ಎಂದು ಸ್ಟನ್ ಸರ್ವರನ್ನು ಕೇಳಿ ತಿಳಿದದ್ದು ಇನ್ನೊಂದು. ಯಾವುದೂ ಆಗದಿದ್ದರೆ ನಡುವೆ ನಿಂತು ಮಾತು ದಾಟಿಸುವ ಟರ್ನ್ ಸರ್ವರಿನದು ಮತ್ತೊಂದು. ಶಿಫಾರಸಾದ ಆದ್ಯತೆಯ ಅಂಕಗಳು ಕ್ರಮವಾಗಿ 126, 100, 0. ಟರ್ನ್ ಸರ್ವರಿಗೆ ಸೊನ್ನೆ ಏಕೆಂದರೆ, ಇಡೀ ವಿಡಿಯೊ ಅದರ ಮೂಲಕವೇ ಹಾದುಹೋಗಬೇಕು; ಆ ಖರ್ಚನ್ನು ಆ್ಯಪ್ ನಡೆಸುವವರೇ ಹೊರಬೇಕು.

ಪಟ್ಟಿಗಳು ಅದಲುಬದಲಾದ ಮೇಲೆ ಇಲ್ಲಿನ ಒಂದೊಂದು ವಿಳಾಸಕ್ಕೂ ಅಲ್ಲಿನ ಒಂದೊಂದನ್ನು ಜೋಡಿಸಲಾಗುತ್ತದೆ. ಅತ್ತ ಹತ್ತು, ಇತ್ತ ಹತ್ತು ಇದ್ದರೆ ನೂರು ಜೋಡಿ. ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎನ್ನುತ್ತದೆ ಮಾನಕ. ಒಂದು ಜೋಡಿಯ ಪರೀಕ್ಷೆಗೂ ಮುಂದಿನದಕ್ಕೂ ಸಾಮಾನ್ಯವಾಗಿ 50 ಮಿಲಿಸೆಕೆಂಡ್ ಅಂತರ. ನೂರಕ್ಕೆ ಐದು ಸೆಕೆಂಡು. ಅದಕ್ಕೇ ಪುನರಾವರ್ತನೆಯಾದ ಜೋಡಿಗಳನ್ನು ಮೊದಲೇ ಕಿತ್ತುಹಾಕಬೇಕು. ಒಂದೇ ಬಗೆಯ ಜೋಡಿಗಳಲ್ಲಿ ಮೊದಲು ಒಂದನ್ನಷ್ಟೇ ಪರೀಕ್ಷಿಸಿ, ಉಳಿದವನ್ನು ಕಾಯಿಸಬೇಕು.

ನನಗೆ ಅಚ್ಚರಿಯೆನಿಸುವುದು ಪರೀಕ್ಷೆಯ ಬಗೆ. ಎರಡೂ ಕಡೆಯವರು ಬಹುತೇಕ ಒಂದೇ ಹೊತ್ತಿಗೆ ಒಬ್ಬರಿಗೊಬ್ಬರು ಪರೀಕ್ಷೆಯ ತುಣುಕು ಕಳಿಸುತ್ತಾರೆ. ಸೊಹಾರ್‌ನಿಂದ ಹೊರಟ ಮೊದಲ ತುಣುಕು ಕುಂದಾಪುರದ ರೂಟರ್‌ನಲ್ಲಿ ಬಿದ್ದುಹೋಗಬಹುದು. ಆದರೂ ಅದು ಹೊರಡುವಾಗಲೇ ಸೊಹಾರ್‌ನ ರೂಟರ್‌ನಲ್ಲಿ ಬಾಗಿಲು ತೆರೆದಿರುತ್ತದೆ. ಕುಂದಾಪುರದಿಂದ ಬಂದದ್ದು ಆ ಬಾಗಿಲಿಂದಲೇ ಒಳಬರುತ್ತದೆ. ಸೋತಂತೆ ಕಂಡ ಪ್ರಯತ್ನವೇ ದಾರಿ ಮಾಡಿಕೊಟ್ಟಿರುತ್ತದೆ. ಆದ್ದರಿಂದ ಒಮ್ಮೆ ಉತ್ತರ ಬರಲಿಲ್ಲವೆಂದು ಜೋಡಿಯನ್ನು ಕೈಬಿಡುವ ಸಾಫ್ಟ್‌ವೇರ್ ಕೆಟ್ಟ ಸಾಫ್ಟ್‌ವೇರ್.

ನೇರ ದಾರಿಗೆ ಮೊದಲ ಮಣೆ ಹಾಕುವುದು ಸರಿಯೇ. ಆದರೆ ಅದೆಲ್ಲ ಸೋಲುವವರೆಗೂ ಟರ್ನ್ ದಾರಿಯನ್ನು ಮುಟ್ಟದಿರುವುದನ್ನು ನಾನು ಒಪ್ಪಲಾರೆ. ವಿಳಾಸ ಸಿಕ್ಕಸಿಕ್ಕಂತೆ ಕಳಿಸಿ ಆಗಲೇ ಪರೀಕ್ಷೆ ಶುರುಮಾಡುವ ‘ಟ್ರಿಕಲ್ ಐಸ್’ 2021ರಲ್ಲಿ ಅಧಿಕೃತ ಮಾನಕವಾಗಿದೆ. ಮೊದಲು ಸಿಕ್ಕ ದಾರಿಯಲ್ಲಿ ಮಾತು ಶುರುವಾಗಲಿ, ಉತ್ತಮವಾದದ್ದು ಸಿಕ್ಕಾಗ ಬದಲಾಯಿಸಿಕೊಳ್ಳಲಿ.

ಕರೆ ಸೇರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ‘ಇದ್ದೀಯಾ’ ಎಂದು ಕೇಳುತ್ತಿರಬೇಕು. 30 ಸೆಕೆಂಡು ಉತ್ತರವಿಲ್ಲದಿದ್ದರೆ ಕಳಿಸುವುದನ್ನು ನಿಲ್ಲಿಸಬೇಕು. ಮಗ ಮಾತಾಡುತ್ತಲೇ ರೂಮಿನಿಂದ ಹೊರಬಿದ್ದು ವೈಫೈ ತಪ್ಪಿ ಮೊಬೈಲ್ ಡೇಟಾಗೆ ಬಂದರೆ ವಿಳಾಸವೇ ಬದಲು. ಆಗ ಹೊಸ ವಿಳಾಸ, ಹೊಸ ಜೋಡಿ, ಮತ್ತೆ ಪರೀಕ್ಷೆ. ಅದು ಮುಗಿಯುವ ತನಕ ಅಮ್ಮನಿಗೆ ದನಿ ಕಡಿದು ಕಡಿದು ಕೇಳಿಸುತ್ತದೆ.