ಒಂದು ಪಾತ್ರ, ಎರಡು ವೃತ್ತಿ: ಪಾತ್ರಧಾರಣದ ಆಟಗಳಲ್ಲಿ ಶಕ್ತಿಗಳ ಸಂಬಂಧವಿಚಾರ

ಪಂಪನು ಕವಿಯೂ ಹೌದು, ಕಲಿಯೂ ಹೌದು ಎಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಗಂಗರ ದಂಡನಾಯಕನಾಗಿದ್ದ ಚಾವುಂಡರಾಯನು 978ರಲ್ಲಿ ಗದ್ಯಪುರಾಣವೊಂದನ್ನು ರಚಿಸಿದನೆಂಬುದೂ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಆದರೆ ಇಂಥ ಎರಡು ಶಕ್ತಿಗಳು ಒಬ್ಬನಲ್ಲಿಯೇ ನೆಲಸಿದಾಗ ಅವು ಪರಸ್ಪರ ಹೇಗೆ ವರ್ತಿಸುತ್ತವೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆಯೆ, ಸರದಿಯಿಂದ ನಡೆಯುತ್ತವೆಯೆ, ಅಥವಾ ಒಂದು ಇನ್ನೊಂದನ್ನು ತಡೆಯುತ್ತದೆಯೆ ಎಂಬ ಪ್ರಶ್ನೆಯನ್ನು ನಾವು ಎತ್ತುವುದು ಅಪರೂಪ. ಈ ಪ್ರಶ್ನೆಗೆ ಅಂಕಿಗಳಲ್ಲಿಯೇ ಉತ್ತರ ಕೊಡಲೇಬೇಕಾದ ಒಂದು ಕ್ಷೇತ್ರವುಂಟು. ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣದ ಆಟವೇ ಅದು. ಆಟದ ನಿಯಮಗಳನ್ನು ವಿವೇಚಿಸುವುದು ವಿದ್ವತ್ತಿಗೆ ಕುಂದೆಂದು ಭಾವಿಸುವವರು, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನು ಆಟಗಳಿಗಾಗಿ ಮೀಸಲಿಟ್ಟುದನ್ನು ನೆನೆಯಬಹುದು.

ಈ ಬರಹಕ್ಕೆ ಕಾರಣವಾದುದು ಒಂದು ವ್ಯಾಜ್ಯ. ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಿಂದ ಬರುವ ನಮ್ಮ ಕೆಲವು ವಿದ್ಯಾರ್ಥಿಗಳು ಯಲಹಂಕ ಉಪನಗರದ ಒಂದು ಮನೆಯಲ್ಲಿ ಭಾನುವಾರಗಳಂದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಆಡುತ್ತಾರೆ. ಅವರಲ್ಲಿ ಒಬ್ಬ ವಿದ್ಯಾರ್ಥಿನಿಯ ಪಾತ್ರವು ಮಾಂತ್ರಿಕವೃತ್ತಿಯಲ್ಲಿ ಮೂರು ಮಟ್ಟ, ಪುರೋಹಿತವೃತ್ತಿಯಲ್ಲಿ ಮೂರು ಮಟ್ಟ ಏರಿತ್ತು. ಅಗ್ನಿಗೋಲವೆಂಬ ಮೂರನೆಯ ಶ್ರೇಣಿಯ ಮಂತ್ರವನ್ನು ಆಕೆ ಪ್ರಯೋಗಿಸಬಹುದೆ, ಇಲ್ಲವೆ? ಮೇಜು ಎರಡು ಪಕ್ಷವಾಯಿತು. ಎರಡು ಭಾನುವಾರ ಆಟ ನಿಂತೇಹೋಯಿತು. ಕಡೆಗೆ ನಿಯಮಗ್ರಂಥವನ್ನು ಹೊತ್ತುಕೊಂಡು ನಮ್ಮ ವಿಭಾಗಕ್ಕೆ ಬಂದರು. ಉಭಯಪಕ್ಷದ ವಾದಗಳನ್ನೂ ಕೇಳಿದ ಮೇಲೆ ಇದು ಹುಡುಗಾಟದ ಜಗಳವಲ್ಲ, ಎರಡು ವಿಧಿವಾಕ್ಯಗಳ ಬಲಾಬಲ ವಿಚಾರವೆಂದು ನಮಗೆ ತೋರಿತು.

ಆಟವನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. ಇದನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನರು ರಚಿಸಿದರು, 1974ರಲ್ಲಿ ಅಚ್ಚಾಯಿತು. ಒಬ್ಬನು ಸೂತ್ರಧಾರನಾಗಿ ಕಲ್ಪಿತಲೋಕವೊಂದನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಫಲವು ಸಂದಿಗ್ಧವಾದಲ್ಲಿ ಇಪ್ಪತ್ತು ಮುಖದ ದಾಳ ನಿರ್ಣಯಿಸುತ್ತದೆ. ಪ್ರತಿಯೊಂದು ಪಾತ್ರಕ್ಕೂ ಯೋಧ, ಮಾಂತ್ರಿಕ, ಪುರೋಹಿತ, ಚೋರ ಮೊದಲಾದ ವೃತ್ತಿಯೊಂದಿರುತ್ತದೆ. ಇದನ್ನೇ ಆಟಗಾರರು ಕ್ಲಾಸ್ ಎನ್ನುವರು. ಅನುಭವಾಂಕಗಳು ಸೇರಿದಂತೆ ಪಾತ್ರವು ಒಂದರಿಂದ ಇಪ್ಪತ್ತರವರೆಗೆ ಮಟ್ಟಗಳನ್ನು ಏರುತ್ತದೆ. ಒಂದೇ ಪಾತ್ರವು ಎರಡು ಅಥವಾ ಹೆಚ್ಚು ವೃತ್ತಿಗಳನ್ನು ಹಿಡಿಯುವುದಕ್ಕೆ ಮಲ್ಟಿಕ್ಲಾಸ್ ಎಂದು ಹೆಸರು. ಇಲ್ಲಿ ಬಹುವೃತ್ತಿಯೆಂದು ಕರೆಯುತ್ತೇವೆ.

ಬಹುವೃತ್ತಿಯ ಕಲ್ಪನೆ ಆಟದ ಹುಟ್ಟಿನೊಡನೆಯೇ ಬಂದುದು. 1974ರ ನಿಯಮದಂತೆ ಎಲ್ಫ್ ಎಂಬ ಜನಾಂಗದವರು ಒಂದು ಸಾಹಸದಲ್ಲಿ ಯೋಧರಾಗಿಯೂ ಮುಂದಿನದರಲ್ಲಿ ಮಾಂತ್ರಿಕರಾಗಿಯೂ ನಡೆಯಬಹುದಾಗಿತ್ತು. ಒಂದೇ ಸಾಹಸದ ನಡುವೆ ಬದಲಾಯಿಸುವಂತಿರಲಿಲ್ಲ. 1978ರ ಗ್ರಂಥದಲ್ಲಿ ಮಾನವೇತರರಿಗೆ ಎರಡು ಮೂರು ವೃತ್ತಿಗಳನ್ನು ಒಟ್ಟಿಗೆ ನಡೆಸುವ ಸೌಲಭ್ಯ ದೊರೆಯಿತು. ಗಳಿಸಿದ ಅನುಭವವನ್ನು ಸಮಪಾಲು ಮಾಡಬೇಕಿತ್ತು. ಮಾನವರಿಗಾದರೋ ನಿಯಮ ಕಠಿಣ. ಮೊದಲ ವೃತ್ತಿಗೆ ಮುಖ್ಯವಾದ ಗುಣದಲ್ಲಿ 15, ಎರಡನೆಯದರಲ್ಲಿ 17 ಅಂಕವಿದ್ದವನು ಮಾತ್ರ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬಹುದು. ಹೊಸದರಲ್ಲಿ ಹಳೆಯ ಮಟ್ಟವನ್ನು ಮೀರುವ ತನಕ ಹಳೆಯ ವಿದ್ಯೆಯನ್ನು ಬಳಸಿದರೆ ಆ ಸಾಹಸದ ಅನುಭವವೇ ನಷ್ಟ! ಇದು ನಿಯಮವೋ ಶಾಪವೋ ಎಂದು ಕರ್ಣನ ಕಥೆ ಬಲ್ಲವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. 2000ದ ಮೂರನೆಯ ಆವೃತ್ತಿಯು ಈ ಭೇದಗಳನ್ನೆಲ್ಲ ತೊಡೆದು, ಪ್ರತಿಯೊಂದು ಮಟ್ಟ ಏರುವಾಗಲೂ ಯಾವ ವೃತ್ತಿ ಬೇಕೆಂದು ಆಟಗಾರನೇ ಆರಿಸಿಕೊಳ್ಳಲೆಂದಿತು. 2014ರ ಐದನೆಯ ಆವೃತ್ತಿ ಅದೇ ಹಾದಿಯದು. ಯಲಹಂಕದ ಮೇಜಿನಲ್ಲಿ ನಡೆಯುವುದು ಈ 2014ರ ನಿಯಮವಾದುದರಿಂದ ಮುಂದಿನ ವಿವೇಚನೆಯೆಲ್ಲ ಅದನ್ನೇ ಕುರಿತದ್ದು.

ಮೊದಲು, ಸಹಜವಾಗಿ ಕೂಡುವ ಅಂಶಗಳು. ಪಾತ್ರದ ಒಟ್ಟು ಮಟ್ಟವನ್ನು ನೋಡಿ ನಿಶ್ಚಯಿಸುವಂಥವು ಕೆಲವಿವೆ. ನೈಪುಣ್ಯದ ಅಂಕವು ಮೊದಲ ನಾಲ್ಕು ಮಟ್ಟಗಳಲ್ಲಿ 2, ಐದರಿಂದ ಎಂಟರವರೆಗೆ 3, ಹೀಗೆ ಏರುತ್ತದೆ. ಆ ಮಟ್ಟಗಳು ಯಾವ ವೃತ್ತಿಯವೆಂದು ಕೇಳುವುದಿಲ್ಲ. ಮುಂದಿನ ಮಟ್ಟಕ್ಕೆ ಬೇಕಾದ ಅನುಭವಾಂಕವೂ ಹಾಗೆಯೇ. ಗುಣಾಂಕಗಳನ್ನು ಹೆಚ್ಚಿಸಿಕೊಳ್ಳುವ ಹಕ್ಕಾದರೋ ಆಯಾ ವೃತ್ತಿಯ ನಾಲ್ಕನೆಯ ಮಟ್ಟದಲ್ಲಿ ಬರತಕ್ಕದ್ದು. ನಮ್ಮ ವಿದ್ಯಾರ್ಥಿನಿಯ ಪಾತ್ರವು ಒಟ್ಟು ಆರನೆಯ ಮಟ್ಟದಲ್ಲಿದ್ದರೂ ಎರಡು ಕಡೆಯೂ ಮೂರೇ ಆದುದರಿಂದ ಆ ಹಕ್ಕು ಒಮ್ಮೆಯೂ ದೊರೆತಿರಲಿಲ್ಲ. ಎರಡು ದೋಣಿಗಳಲ್ಲಿ ಕಾಲಿಟ್ಟುದರ ಮೊದಲ ಸುಂಕ ಇದು.

ಇನ್ನು ವ್ಯಾಜ್ಯದ ವಿಷಯ. ಮಂತ್ರಪ್ರಯೋಗಕ್ಕೆ ಎರಡು ಸಾಮಗ್ರಿ ಬೇಕು: ಮಂತ್ರದ ಜ್ಞಾನ, ಅದನ್ನು ನಡೆಸುವ ಶಕ್ತಿ. ಶಕ್ತಿಯನ್ನು ಸ್ಲಾಟುಗಳೆಂಬ ಶ್ರೇಣೀಕೃತ ಪಾಲುಗಳಲ್ಲಿ ಅಳೆಯುತ್ತಾರೆ. ದಿನಕ್ಕೆ ಇಷ್ಟೆಂದು ಎಣಿಕೆಯುಂಟು, ದೀರ್ಘ ವಿಶ್ರಾಂತಿಯಿಂದ ಅವು ಮತ್ತೆ ತುಂಬುತ್ತವೆ. ಬಹುವೃತ್ತಿಯವರ ಸ್ಲಾಟುಗಳಿಗೆ ಪ್ರತ್ಯೇಕ ಕೋಷ್ಟಕವಿದೆ. ಮಾಂತ್ರಿಕ, ಪುರೋಹಿತ ಮುಂತಾದ ಪೂರ್ಣವೃತ್ತಿಗಳ ಮಟ್ಟವನ್ನು ಇಡಿಯಾಗಿಯೂ, ಪ್ಯಾಲಡಿನ್ ಎಂಬ ಧರ್ಮವೀರನಂಥವರ ಮಟ್ಟವನ್ನು ಅರ್ಧವಾಗಿಯೂ ಕೂಡಿಸಿ ಆ ಕೋಷ್ಟಕವನ್ನು ನೋಡಬೇಕು. ಮೂರಕ್ಕೆ ಮೂರು ಸೇರಿದರೆ ಆರು. ಆರರ ಸಾಲಿನಲ್ಲಿ ಮೊದಲ ಶ್ರೇಣಿಯ 4, ಎರಡನೆಯದರ 3, ಮೂರನೆಯದರ 3 ಸ್ಲಾಟುಗಳಿವೆ. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ವಿದ್ಯಾರ್ಥಿನಿಯ ವಾದ ಹೀಗಿತ್ತು. ಮಾಂತ್ರಿಕನ ಅಧ್ಯಾಯದಲ್ಲಿ, ಯಾವ ಶ್ರೇಣಿಯ ಸ್ಲಾಟು ತನ್ನಲ್ಲಿದೆಯೋ ಆ ಶ್ರೇಣಿಯ ಮಂತ್ರವನ್ನು ಅವನು ಸಿದ್ಧಪಡಿಸಿಕೊಳ್ಳಬಹುದೆಂದು ವಿಧಿಸಿದೆ. ಮೂರನೆಯ ಶ್ರೇಣಿಯ ಸ್ಲಾಟು ತನ್ನಲ್ಲಿದೆ. ಸಾಹಸದಲ್ಲಿ ದೊರೆತ ಸುರುಳಿಯೊಂದರಿಂದ ಅಗ್ನಿಗೋಲವನ್ನು ತನ್ನ ಪುಸ್ತಕಕ್ಕೆ ಎತ್ತಿಕೊಂಡಿದ್ದೂ ಆಗಿದೆ. ಆದುದರಿಂದ ಪ್ರಯೋಗ ಸಿದ್ಧ. ಪ್ರತಿಪಕ್ಷದವರು ಬಹುವೃತ್ತಿಯ ಪ್ರಕರಣವನ್ನು ತೋರಿಸಿದರು. ಯಾವ ಮಂತ್ರಗಳನ್ನು ಅರಿಯಬಹುದು, ಸಿದ್ಧಪಡಿಸಬಹುದು ಎಂಬುದನ್ನು ಆಯಾ ವೃತ್ತಿಗೆ ಪ್ರತ್ಯೇಕವಾಗಿ, ಆ ಪಾತ್ರಕ್ಕೆ ಅದೊಂದೇ ವೃತ್ತಿಯಿದ್ದಂತೆ ಎಣಿಸಬೇಕೆಂದು ಅಲ್ಲಿದೆ. ಮೂರನೆಯ ಮಟ್ಟದ ಬರಿಯ ಮಾಂತ್ರಿಕನಿಗೆ ಎರಡನೆಯ ಶ್ರೇಣಿಯೇ ಗಡಿ.

ಗ್ರಂಥದ ಪೀಠಿಕೆಯಲ್ಲಿ ಸಾಮಾನ್ಯವಿಧಿಗಿಂತ ವಿಶೇಷವಿಧಿ ಬಲವತ್ತರವೆಂಬ ಸೂತ್ರವುಂಟು. ವ್ಯಾಕರಣದ ವಿದ್ಯಾರ್ಥಿಗಳು ಇದರಲ್ಲಿ ಉತ್ಸರ್ಗ ಮತ್ತು ಅಪವಾದಗಳನ್ನು ಕೂಡಲೇ ಗುರುತಿಸುವರು. ಆದರೆ ತೊಡಕು ಇಲ್ಲಿಯೇ ಇದೆ. ವಿದ್ಯಾರ್ಥಿನಿ ಅದನ್ನು ಚೆನ್ನಾಗಿ ಹಿಡಿದಿದ್ದಳು. ಮಾಂತ್ರಿಕನ ವಿಧಿಯು ಒಂದೇ ವೃತ್ತಿಗೆ ಅನ್ವಯಿಸುವುದು, ಬಹುವೃತ್ತಿಯ ವಿಧಿಯು ಎಲ್ಲ ವೃತ್ತಿಗಳಿಗೂ ಅನ್ವಯಿಸುವುದು. ಹಾಗಾದರೆ ವಿಶೇಷ ಯಾವುದು? ತನ್ನದೇ ಅಲ್ಲವೆ? ಈ ಪ್ರಶ್ನೆಗೆ ಮೇಜಿನಲ್ಲಿ ಉತ್ತರವಿರಲಿಲ್ಲ. ನಮಗೂ ತಕ್ಷಣ ಹೊಳೆಯಲಿಲ್ಲವೆಂದು ಒಪ್ಪಬೇಕು.

ಉತ್ತರ ದೊರೆತುದು ವೈಯಾಕರಣರ ತಕ್ರಕೌಂಡಿನ್ಯ ನ್ಯಾಯದಿಂದ. ಊಟದ ಪಂಕ್ತಿಯಲ್ಲಿ ಬ್ರಾಹ್ಮಣರಿಗೆ ಮೊಸರು ಬಡಿಸಿರಿ, ಕೌಂಡಿನ್ಯನಿಗೆ ಮಜ್ಜಿಗೆ ಎಂದು ಯಜಮಾನ ಹೇಳಿದರೆ ಕೌಂಡಿನ್ಯನಿಗೆ ಮೊಸರು ಬೀಳುವುದಿಲ್ಲ. ಏಕೆ? ಅವನೂ ಬ್ರಾಹ್ಮಣನೇ ಅಲ್ಲವೆ? ಕೌಂಡಿನ್ಯನನ್ನು ಬಿಟ್ಟರೂ ಮೊಸರಿನ ವಿಧಿಗೆ ಬೇಕಾದಷ್ಟು ಎಲೆಗಳಿವೆ; ಅದು ಸಾವಕಾಶ. ಮಜ್ಜಿಗೆಯ ವಿಧಿಗಾದರೋ ಕೌಂಡಿನ್ಯನ ಎಲೆಯೊಂದೇ ಗತಿ. ಅಲ್ಲಿಯೂ ನಡೆಯದಿದ್ದರೆ ಆ ಮಾತು ಆಡಿದ್ದೇ ವ್ಯರ್ಥ. ಹೀಗೆ ನಿರವಕಾಶವಾದುದು ಸಾವಕಾಶವನ್ನು ಬಾಧಿಸುತ್ತದೆ. ಎಷ್ಟು ವೃತ್ತಿಗಳನ್ನು ಹೆಸರಿಸಿದೆ ಎಂಬ ಎಣಿಕೆಯಿಂದ ವಿಶೇಷತ್ವವನ್ನು ಅಳೆಯಲಾಗದು; ಬೇರೆಡೆ ಅವಕಾಶವುಂಟೋ ಇಲ್ಲವೋ ಎಂಬುದೇ ಅಳತೆ. ಮಾಂತ್ರಿಕನ ವಿಧಿಗೆ ಏಕವೃತ್ತಿಯ ಮಾಂತ್ರಿಕರೆಲ್ಲರಲ್ಲಿಯೂ ಅವಕಾಶವಿದೆ. ಬಹುವೃತ್ತಿಯ ವಿಧಿಗೆ ಬಹುವೃತ್ತಿಯವರ ಹೊರತು ನೆಲೆಯೇ ಇಲ್ಲ. ಆದುದರಿಂದ ಅದೇ ಬಲವತ್ತರ. ಅಗ್ನಿಗೋಲ ಸಲ್ಲದು, ಪುಸ್ತಕಕ್ಕೆ ಎತ್ತಿಕೊಂಡುದೂ ಸಲ್ಲದು. ಗ್ರಂಥಕಾರರು ಕೊಟ್ಟಿರುವ ಉದಾಹರಣೆಯೂ ಇದಕ್ಕೆ ಅನುಕೂಲವಾಗಿದೆ. ನಾಲ್ಕು ಮಟ್ಟದ ರೇಂಜರ್ ಮತ್ತು ಮೂರು ಮಟ್ಟದ ಮಾಂತ್ರಿಕನಾದ ಪಾತ್ರಕ್ಕೆ ಮೂರನೆಯ ಶ್ರೇಣಿಯ ಸ್ಲಾಟುಗಳನ್ನು ಕೊಟ್ಟರೂ ಪುಸ್ತಕದಲ್ಲಿ ಎರಡನೆಯ ಶ್ರೇಣಿಯನ್ನು ಮೀರಗೊಟ್ಟಿಲ್ಲ.

ಹಾಗಾದರೆ ಆ ಮೂರು ಸ್ಲಾಟುಗಳು ನಿಷ್ಫಲವೆ? ಅಲ್ಲ. ಕೆಳಗಿನ ಶ್ರೇಣಿಯ ಮಂತ್ರವನ್ನು ಮೇಲಿನ ಸ್ಲಾಟಿನಿಂದ ಪ್ರಯೋಗಿಸಬಹುದು. ಮಂತ್ರಬಾಣವೆಂಬ ಮೊದಲ ಶ್ರೇಣಿಯ ಮಂತ್ರವು ಮೂರು ಬಾಣಗಳನ್ನು ಬಿಡುತ್ತದೆ. ಮೂರನೆಯ ಶ್ರೇಣಿಯ ಸ್ಲಾಟಿನಿಂದ ಐದು. ಒಂದೊಂದಕ್ಕೆ ಸರಾಸರಿ 3.5ರಂತೆ ಒಟ್ಟು ಆಘಾತ 17.5. ಅಗ್ನಿಗೋಲವು ಆರು ಮುಖದ ಎಂಟು ದಾಳಗಳಷ್ಟು, ಎಂದರೆ ಸರಾಸರಿ 28. ಅದೂ 20 ಅಡಿ ತ್ರಿಜ್ಯದೊಳಗಿನ ಎಲ್ಲರಿಗೆ, ತಪ್ಪಿಸಿಕೊಂಡವರಿಗೆ ಅದರರ್ಧ. ಒಬ್ಬನೇ ವೈರಿಯಿದ್ದರೆ ಅಂತರ ಅಷ್ಟೇನಿಲ್ಲ; ಮಂತ್ರಬಾಣ ಗುರಿ ತಪ್ಪುವುದಿಲ್ಲವೆಂಬ ಲಾಭವೂ ಇದೆ. ಗುಂಪಿನ ಮುಂದೆ ಮಾತ್ರ ಹೋಲಿಕೆಯೇ ಸಲ್ಲದು. ಬಿ.ಎ. ತರಗತಿಗಳಲ್ಲಿ ಎರಡು ಐಚ್ಛಿಕಗಳನ್ನು ಸಮವಾಗಿ ಓದಿ ಎಂ.ಎ.ಗೆ ಬರುವ ವಿದ್ಯಾರ್ಥಿಗಳ ಸ್ಥಿತಿಯನ್ನು ಬಲ್ಲ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಶಕ್ತಿಗಳೂ ಸ್ಲಾಟುಗಳಂತೆ ಕೂಡುವುದಿಲ್ಲ. ಕೆಲವಲ್ಲಿ ವಿಕಲ್ಪ ಮಾತ್ರವುಂಟು. ಯೋಧನಿಗೂ ಧರ್ಮವೀರನಿಗೂ ಐದನೆಯ ಮಟ್ಟದಲ್ಲಿ ಎರಡನೆಯ ಹೊಡೆತದ ಹಕ್ಕು ಬರುತ್ತದೆ. ಎರಡು ಕಡೆ ಐದೈದು ಮಟ್ಟ ಏರಿದವನಿಗೆ ಮೂರು ಹೊಡೆತವಾಗುವುದಿಲ್ಲ, ಎರಡೇ. ಕವಚವಿಲ್ಲದೆ ರಕ್ಷಣೆ ಪಡೆಯುವ ವಿದ್ಯೆಯಂತೂ ಒಂದು ವೃತ್ತಿಯಿಂದ ಬಂದಿದ್ದರೆ ಇನ್ನೊಂದರಿಂದ ಬರುವುದೇ ಇಲ್ಲ. ವಿಕಲ್ಪದಲ್ಲಿ ಎಂಟು ದೋಷಗಳಿವೆಯೆಂದು ಮೀಮಾಂಸಕರು ಅದನ್ನು ಆದಷ್ಟೂ ದೂರವಿಟ್ಟರು. ಆಟದ ನಿಯಮಕಾರರು ಅದನ್ನೇ ಆಶ್ರಯಿಸಿದುದಕ್ಕೆ ಕಾರಣ ಸ್ಪಷ್ಟ: ಒಂದೇ ಜಾತಿಯ ಶಕ್ತಿಗಳು ರಾಶಿಯಾಗುತ್ತ ಹೋದರೆ ಮೇಜಿನಲ್ಲಿ ಒಬ್ಬನೇ ಆಡುತ್ತಿದ್ದು ಉಳಿದವರು ನೋಡುತ್ತ ಕೂರಬೇಕಾದೀತು.

ಬಾಧೆಯ ಉದಾಹರಣೆಯೂ ಅದೇ ಮೇಜಿನಲ್ಲಿ ಸಿಕ್ಕಿತು. ಹೆಬ್ಬಾಳದ ವಿದ್ಯಾರ್ಥಿಯೊಬ್ಬನು ತನ್ನ ಪಾತ್ರಕ್ಕೆ ಕಿತ್ತಯ್ಯನೆಂದು ಹೆಸರಿಟ್ಟಿದ್ದನು. ಶ್ರೀಪುರುಷನ ಕಾಲದ, ಸುಮಾರು 750ರ ವೀರಗಲ್ಲೊಂದು ಹೆಬ್ಬಾಳದಲ್ಲಿ 2018ರಲ್ಲಿ ದೊರೆತುದಷ್ಟೆ. ಅದರಲ್ಲಿ ಹೊಗಳಿಸಿಕೊಂಡ ವೀರನ ಹೆಸರು ಅದು. ಆಟದ ಕಿತ್ತಯ್ಯನು ಬಾರ್ಬೇರಿಯನ್ ಎಂಬ ಉಗ್ರಯೋಧ. ಕ್ರೋಧವನ್ನು ತಂದುಕೊಂಡು ಕಾದಾಡುವುದು ಆ ವೃತ್ತಿಯ ಪ್ರಧಾನ ವಿದ್ಯೆ. ಹುಡುಗನಿಗೆ ಮಾಂತ್ರಿಕವೃತ್ತಿಯನ್ನೂ ಸೇರಿಸುವ ಆಸೆಯಾಯಿತು. ಕ್ರೋಧದಲ್ಲಿರುವಾಗ ಮಂತ್ರವನ್ನು ಪ್ರಯೋಗಿಸುವಂತಿಲ್ಲ, ಮೊದಲೇ ಪ್ರಯೋಗಿಸಿದುದರ ಮೇಲೆ ಏಕಾಗ್ರತೆಯನ್ನು ಉಳಿಸಿಕೊಳ್ಳುವಂತೆಯೂ ಇಲ್ಲ. ಎರಡರಲ್ಲಿ ಒಂದು ಸದಾ ಒರೆಯಲ್ಲಿಯೇ ಇರಬೇಕು. ಡ್ರೂಯಿಡ್ ಎಂಬ ವನಸಿದ್ಧನ ವೃತ್ತಿಯನ್ನು ಸೇರಿಸಿದರೆ ಸ್ಥಿತಿ ಬೇರೆ. ಅವನು ಕರಡಿಯೇ ಮುಂತಾದ ಮೃಗರೂಪ ತಾಳಿದಾಗ ಹೇಗೂ ಮಂತ್ರಪ್ರಯೋಗವಿಲ್ಲ. ವೃತ್ತಿಯ ವಿದ್ಯೆಗಳಾದರೋ ಉಳಿಯುತ್ತವೆ. ಕರಡಿಯಾದ ಕಿತ್ತಯ್ಯನು ಕ್ರೋಧಗೊಂಡರೆ, ಮೊದಲೇ ಪ್ರಯೋಗಿಸಿದುದರ ಮೇಲಿನ ಏಕಾಗ್ರತೆಯ ಹೊರತು, ಹೊಸದಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ಎರಡು ನಿಷೇಧಗಳು ಒಂದೇ ಸ್ಥಳದಲ್ಲಿ ಬಿದ್ದುದರಿಂದ ಒಂದರ ಬೆಲೆಗೆ ಎರಡು ಶಕ್ತಿ ದೊರೆತಂತಾಯಿತು. ನಿಪುಣರಾದ ಆಟಗಾರರು ಶಕ್ತಿಗಳ ಕೂಟವನ್ನು ಹುಡುಕುವುದಕ್ಕಿಂತ ನಿಷೇಧಗಳ ಕೂಟವನ್ನು ಹುಡುಕುವರೆಂಬುದು ನಮ್ಮ ಅಭಿಪ್ರಾಯ.

ಒಂದು ವೃತ್ತಿಯ ಸಾಮಗ್ರಿಯನ್ನು ಇನ್ನೊಂದರ ವಿದ್ಯೆ ಬಳಸಿಕೊಳ್ಳುವ ಪ್ರಕಾರವೂ ಉಂಟು. ಧರ್ಮವೀರನು ಖಡ್ಗಪ್ರಹಾರದೊಡನೆ ಸ್ಲಾಟೊಂದನ್ನು ವ್ಯಯಿಸಿ ಆಘಾತವನ್ನು ಹೆಚ್ಚಿಸಬಲ್ಲನು: ಮೊದಲ ಶ್ರೇಣಿಗೆ ಎಂಟು ಮುಖದ ಎರಡು ದಾಳ, ಶ್ರೇಣಿಗೊಂದರಂತೆ ಏರಿ ಐದರವರೆಗೆ. ವಿಧಿಯು ಸ್ಲಾಟನ್ನು ಬೇಡುವುದೇ ಹೊರತು ಧರ್ಮವೀರವೃತ್ತಿಯ ಸ್ಲಾಟನ್ನೇ ಬೇಡುವುದಿಲ್ಲ. ಧರ್ಮವೀರನಾಗಿ ಎರಡು, ಸಾರ್ಸರರ್ ಎಂಬ ಜನ್ಮಸಿದ್ಧ ಮಂತ್ರವಾದಿಯಾಗಿ ಆರು ಮಟ್ಟವಿದ್ದರೆ ಒಂದು ಮತ್ತು ಆರು ಸೇರಿ ಏಳು. ನಾಲ್ಕನೆಯ ಶ್ರೇಣಿಯ ಒಂದು ಸ್ಲಾಟು ದೊರೆತು ಐದು ದಾಳಗಳೂ ಕೈಸೇರುವುವು. ಎಂಟು ಮಟ್ಟದ ಶುದ್ಧ ಧರ್ಮವೀರನಿಗೆ ಎರಡನೆಯ ಶ್ರೇಣಿಯ ಆಚೆಗೆ ಸ್ಲಾಟೇ ಇಲ್ಲ. ಆದರೆ ಅವನಿಗೆ ಎರಡನೆಯ ಹೊಡೆತವಿದೆ, ಮಿಶ್ರನಿಗಿಲ್ಲ. 2024ರ ಪರಿಷ್ಕೃತ ಗ್ರಂಥವು ಈ ಪ್ರಹಾರವನ್ನೇ ಒಂದು ಮಂತ್ರವನ್ನಾಗಿ ಮಾಡಿತು. ಅರ್ಧವೃತ್ತಿಗಳ ಮಟ್ಟವನ್ನು ಭಾಗಿಸುವಾಗ ಭಿನ್ನಾಂಕವನ್ನು ಕೆಳಕ್ಕೆ ಬಿಡುವ ಬದಲು ಮೇಲಕ್ಕೆ ಏರಿಸಿತು.

ನಮ್ಮ ತೀರ್ಮಾನವನ್ನು ವಿದ್ಯಾರ್ಥಿನಿ ಒಪ್ಪಿದಳು. ಕೌಂಡಿನ್ಯನ ಮೇಲೆ ಮಾತ್ರ ಆಕೆಗೆ ಇನ್ನೂ ಸಿಟ್ಟಿದೆ. ಮುಂದಿನ ಎರಡು ಮಟ್ಟಗಳನ್ನೂ ಮಾಂತ್ರಿಕವೃತ್ತಿಯಲ್ಲಿಯೇ ಏರಲು ನಿಶ್ಚಯಿಸಿದ್ದಾಳೆ. ಒಟ್ಟು 34,000 ಅನುಭವಾಂಕಗಳಾದಾಗ ಮಾಂತ್ರಿಕಮಟ್ಟ ಐದಾಗಿ ಅಗ್ನಿಗೋಲ ನ್ಯಾಯವಾಗಿ ಪುಸ್ತಕಕ್ಕೆ ಬರುವುದು. ಆಗ ಆಕೆಯ ಬಳಿ ನಾಲ್ಕನೆಯ ಶ್ರೇಣಿಯ ಸ್ಲಾಟುಗಳು ಎರಡಿರುತ್ತವೆ. ನಾಲ್ಕನೆಯ ಶ್ರೇಣಿಯ ಮಂತ್ರ ಒಂದೂ ಇರುವುದಿಲ್ಲ.